ನಕಾಶೆಯಲ್ಲಿ ದಾರಿ, ನೆಲದ ಮೇಲೆ ಬೇಲಿ



ನಡೆಯುವ ಹವ್ಯಾಸದವರೆಲ್ಲ ಈಗ ಕುಮಾರ ಪರ್ವತ, ಮುಳ್ಳಯ್ಯನಗಿರಿ, ಸ್ಕಂದಗಿರಿ ಎಂದು ಹೊರಡುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿತು. ಕಾಡು ಉಳಿಯಬೇಕಾದರೆ ಅಂಥ ಕಡಿವಾಣ ಬೇಕು, ತಕರಾರಿಲ್ಲ. ಆದರೆ ಊರ ಮಗ್ಗುಲ ಗುಡ್ಡ, ಹೊಳೆದಂಡೆಯ ದಾರಿಗಳು ಒಂದೊಂದೇ ಮುಚ್ಚುತ್ತಿರುವಾಗ ಜನ ಇನ್ನೆಲ್ಲಿಗೆ ಹೋಗಬೇಕು?

ಮೈಸೂರಿನ ನಾವೊಂದಷ್ಟು ಮಂದಿ, ಹೆಚ್ಚಿನವರು ನಿವೃತ್ತರು, ಭಾನುವಾರ ಬುತ್ತಿ ಕಟ್ಟಿಕೊಂಡು ನಡೆಯಲು ಹೋಗುತ್ತೇವೆ. ಈಚೆಗೆ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಮೆಟ್ಟಿಲು ಹತ್ತಿ, ಶ್ರೀನಿವಾಸನಿಗೆ ಕೈಮುಗಿದು, ಕೆಳಗೆ ಲೋಕಪಾವನಿ ಕಾವೇರಿಯತ್ತ ಹರಿಯುವುದನ್ನು ನೋಡುತ್ತ ಚಿತ್ರಾನ್ನ ಮುಗಿಸಿ ಇಳಿದೆವು. ಮುಂದೆ ನಾಲೆ ಏರಿ, ಆಮೇಲೆ ಕಬ್ಬಿನ ಗದ್ದೆಗಳ ನಡುವಿನ ಬಂಡಿದಾರಿ. ಹೊಳೆ ಇನ್ನೇನು ಸಿಕ್ಕಿತು ಎನ್ನುವಾಗ ಕಲ್ಲುಕಂಬ, ಮುಳ್ಳುತಂತಿ, ಬೀಗ ಜಡಿದ ಗೇಟು, 'ಖಾಸಗಿ ಆಸ್ತಿ' ಎಂಬ ಫಲಕ. ಬೇಲಿಯಾಚೆಗೂ ಗಾಡಿಚಕ್ರ ಕೊರೆದ ಜೋಡಿ ಗೆರೆ, ನಡುವೆ ಗರಿಕೆ, ನೇರ ನೀರಿನವರೆಗೆ. ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸು, "ನಾವೂ ಸುತ್ತಾಕ್ಕೊಂಡೇ ಹೋಗದು ಸ್ವಾಮಿ, ದನ ನೀರ್ಗೆ ಬುಡಾಕೂ ಅಷ್ಟು ದೂರ" ಎಂದರು.

ಗ್ರಾಮ ನಕ್ಷೆಯಲ್ಲಿ ಆ ದಾರಿ ಚುಕ್ಕೆಗೆರೆಯಾಗಿ ಇದೆ. ಹಳ್ಳಿಯವರ ಬಾಯಲ್ಲಿ ಇದು 'ನಕಾಶೆ ಕಂಡ ದಾರಿ'. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹೊಳೆಯ ಪಾತ್ರ ಎಲ್ಲವೂ ಸರ್ಕಾರದ್ದು. ಸರ್ವೆ ನಂಬರಿನೊಳಗೆ ಹಾದುಹೋಗುವ ದಾರಿಯನ್ನು ಪಹಣಿಯಲ್ಲಿ 'ಬಿ ಖರಾಬು' ಎಂದು ಬಿಡುವುದೂ ಅದಕ್ಕೇ. ಅಂದಮೇಲೆ ಜಮೀನು ಕೊಂಡವರಿಗೆ ಆ ಪಟ್ಟಿ ಮಾರಾಟವಾಗಿಲ್ಲ. ಅವರು ಬೇಲಿ ಹಾಕಿದ್ದು ನಮ್ಮೆಲ್ಲರ ಸ್ವತ್ತಿಗೆ.

ರೈತರು ಜಮೀನಿಗೆ ಹೋಗುವ ದಾರಿಗೆ ಅಡ್ಡಿಯಾದರೆ ತಹಶೀಲ್ದಾರರು ತೆರವು ಮಾಡಿಸಬೇಕೆಂದು ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿದೆ. ಒಳ್ಳೆಯದೇ. ಆದರೆ ಅಲ್ಲಿ ಜಮೀನಿಲ್ಲದವರು ದೂರಿದರೆ "ನಿಮ್ಮ ಸರ್ವೆ ನಂಬರ್ ಯಾವುದು?" ಎಂಬ ಪ್ರಶ್ನೆಗೆ ಮಾತು ನಿಂತುಹೋಗುತ್ತದೆ. ಕೂಲಿಗೆ ಹೋಗುವವರಿಗೆ, ದನಗಾಹಿಗೆ, ಬಟ್ಟೆ ಒಗೆಯಲು ಹೊಳೆಗಿಳಿಯುವವರಿಗೆ ಸರ್ವೆ ನಂಬರ್ ಎಲ್ಲಿಂದ ಬರಬೇಕು? ನಮ್ಮಂಥ ನಡೆಯುವವರ ಮಾತು ಆಮೇಲಿರಲಿ.

ನಡೆಯಲು ಬಂದವರ ಬಗ್ಗೆ ರೈತರಿಗಿರುವ ಸಿಟ್ಟೂ ಸುಳ್ಳಲ್ಲ. ಬದು ತುಳಿದು, ಎಳನೀರು ಕಿತ್ತು, ನಾಲೆಗೆ ಬಾಟಲಿ ಎಸೆದು ಹೋಗುವ ಗುಂಪುಗಳನ್ನು ನಾವೇ ಕಂಡಿದ್ದೇವೆ. ಅವರಿಗೆ ದಂಡ ಹಾಕಲಿ. ಅದಕ್ಕೆ ದಾರಿಯನ್ನೇ ನುಂಗುವುದು ಮದ್ದಲ್ಲ.

ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಬರೆಸಿ ಪಂಚಾಯಿತಿ ಗೋಡೆಯ ಮೇಲೆ ಹಾಕಲಿ. ದಾರಿ ಮುಚ್ಚಿದ ದೂರನ್ನು ಯಾರು ಕೊಟ್ಟರೂ ತೆಗೆದುಕೊಳ್ಳಲಿ. ಹೊಳೆದಂಡೆಯಲ್ಲಿ ಬಡಾವಣೆ, ರೆಸಾರ್ಟುಗಳಿಗೆ ಭೂಪರಿವರ್ತನೆ ಕೊಡುವ ಮುನ್ನ ಸರ್ವೆಯವರು ಬಂದು ದಾರಿ ಅಳೆದು ಎರಡೂ ಬದಿಗೆ ಕಲ್ಲು ನೆಡಲಿ, ಆಮೇಲಷ್ಟೇ ಆದೇಶಕ್ಕೆ ಸಹಿ ಬೀಳಲಿ.

– ಓದುಗ, ಮೈಸೂರು