ಪಂಪು ತರುವ ಮುನ್ನ ಪೈಪು ಅಳೆಯಿರಿ

ಮೋಟರು ಸುಟ್ಟಿತೆಂದರೆ ಮೊದಲು ವೈಂಡಿಂಗ್. ಮತ್ತೆ ಸುಟ್ಟರೆ ಹೊಸ ಪಂಪು. ಹೊಸದು ತರುವುದೇ ಆದರೆ ಐದು ಎಚ್‌ಪಿ ಇದ್ದ ಜಾಗಕ್ಕೆ ಏಳೂವರೆಯದೇ ಇರಲಿ ಎಂಬ ಮಾತು. ನಂದಗಡದಂಥ ದೊಡ್ಡ ಊರಿನ ಕುಡಿಯುವ ನೀರಿನ ಪಂಪ್‌ಹೌಸ್ ಇರಲಿ, ಇಟಗಿ ಸೀಮೆಯ ಕಬ್ಬಿನ ಹೊಲದ ಬಾವಿ ಇರಲಿ, ಬೆಳಗಾವಿ ನಗರದ ಈಜುಕೊಳ ಇರಲಿ, ರೂಢಿ ಇದೇ. ಪಂಪಿಗೆ ಕೂಡಿಸಿದ ಪೈಪು ಮಾತ್ರ ಹಾಕಿದ ದಿನದಿಂದ ಹಾಗೇ ಇರುತ್ತದೆ. ಅದರ ಅಳತೆಯನ್ನು ಯಾರೂ ಕೇಳುವುದಿಲ್ಲ. ಸಾರ್ವಜನಿಕ ಹಣದಲ್ಲಿ ಪಂಪು ಕೊಳ್ಳುವ ಯಾವ ಸಂಸ್ಥೆಯೂ ಪೈಪಿನ ಲೆಕ್ಕ ಹಾಕದೆ ಪಂಪಿನ ಅಂದಾಜುಪಟ್ಟಿಗೆ ಸಹಿ ಮಾಡಬಾರದು ಎಂಬುದು ನನ್ನ ವಾದ.

ಈಜುಕೊಳದ ಲೆಕ್ಕ ಹಿಡಿದರೆ ವಿಷಯ ಬೇಗ ತಿಳಿಯುತ್ತದೆ, ಏಕೆಂದರೆ ಅಲ್ಲಿ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಎತ್ತುವ ಕೆಲಸವಿಲ್ಲ. ಕೊಳದಿಂದ ಹೊರಟ ನೀರು ಫಿಲ್ಟರ್ ಹಾಯ್ದು ಕೊಳಕ್ಕೇ ಮರಳುತ್ತದೆ. ಪಂಪಿನ ಶಕ್ತಿಯೆಲ್ಲ ದಾರಿಯ ಘರ್ಷಣೆಗೇ ಖರ್ಚು. 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳವೆಂದರೆ 4.5 ಲಕ್ಷ ಲೀಟರ್ ನೀರು. ಅಷ್ಟೂ ನೀರು ಆರು ತಾಸಿಗೊಮ್ಮೆ ಸೋಸಿ ಬರಬೇಕಾದರೆ ತಾಸಿಗೆ 75,000 ಲೀಟರ್ ಹರಿಯಬೇಕು. ನಾಲ್ಕು ಇಂಚಿನ ಪೈಪಿನಲ್ಲಾದರೆ ಅದು ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಓಡಬೇಕಾಗುತ್ತದೆ; ಆರು ಇಂಚಿನದರಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಸಾಕು. ಒಂದೇ ಪ್ರಮಾಣದ ನೀರಿಗೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತದಂತೆ ಇಳಿಯುತ್ತದೆ. ಹಾಗಾಗಿ ನಾಲ್ಕಿಂಚಿನಲ್ಲಿ ಆಗುವ ನಷ್ಟದ ಏಳನೇ ಒಂದು ಪಾಲೂ ಆರಿಂಚಿನಲ್ಲಿ ಆಗದು. ಪೈಪನ್ನು ಹಾಗೇ ಬಿಟ್ಟು ಮೋಟರನ್ನಷ್ಟೇ ದೊಡ್ಡದು ಮಾಡಿದರೆ ಏನಾಗುತ್ತದೆ? ಇಂಥ ಸುತ್ತಿನಲ್ಲಿ ಬೇಕಾಗುವ ಶಕ್ತಿ ಹರಿವಿನ ಘನದಂತೆ ಏರುತ್ತದೆ. ಒಂದೂವರೆ ಪಟ್ಟು ಶಕ್ತಿಯ ಪಂಪು ಕೂರಿಸಿದರೂ ನೀರು ಹೆಚ್ಚುವುದು ನೂರಕ್ಕೆ ಹದಿನೈದರಷ್ಟೂ ಇಲ್ಲ. ಕೊಳದ ಮೂಲೆಗಳಲ್ಲಿ ನೀರು ನಿಂತು ಹಸಿರುಗಟ್ಟುವುದು ನಿಲ್ಲುವುದಿಲ್ಲ. ಅಲ್ಲಿಗೆ ಕ್ಲೋರಿನ್ ತಲುಪದಿದ್ದರೆ ಈಜುಕೊಳದ ನೀರಿನ ಗುಣಮಟ್ಟಕ್ಕೆ ಇರುವ ಭಾರತೀಯ ಮಾನಕ ಐಎಸ್ 3328 ಕಾಗದದ ಮೇಲೇ ಉಳಿಯುತ್ತದೆ. ಕರೆಂಟ್ ಬಿಲ್ ಮಾತ್ರ ಪೂರಾ ಏರುತ್ತದೆ.

ಹೆಚ್ಚಿನ ಕೇಡು ಇರುವುದು ಪಂಪು ನೀರನ್ನು ಎಳೆದುಕೊಳ್ಳುವ ಕಡೆ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ, ಆದರೆ ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಇಲ್ಲಿ ಅದು ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ಪಂಪಿನ ಒಳಗಿನ ನಷ್ಟವನ್ನೂ ಕಳೆದರೆ ಕೈಗೆ ಸಿಗುವುದು ಆರು–ಏಳು ಮೀಟರ್. ಅದರಲ್ಲಿ ಕಸ ಕಟ್ಟಿದ ಫುಟ್‌ವಾಲ್ವ್ ಒಂದಿಷ್ಟು ತಿನ್ನುತ್ತದೆ, ತುಕ್ಕು ಹಿಡಿದು ಒಳಗೆ ಕಿರಿದಾದ ಜಿ.ಐ. ಪೈಪು ಒಂದಿಷ್ಟು, ಪಂಪಿನ ಬಾಯಿಗೇ ತಿರುಗಿಸಿ ಕೂರಿಸಿದ ಎಲ್ಬೊ ಮತ್ತೊಂದಿಷ್ಟು. ಒತ್ತಡ ಒಂದು ಮಿತಿಗಿಂತ ಕೆಳಗಿಳಿದಾಗ ಇಂಪೆಲ್ಲರಿನ ಬಾಯಲ್ಲಿ ನೀರು ತಣ್ಣಗಿದ್ದೇ ಕುದ್ದು ಗುಳ್ಳೆಯಾಗುತ್ತದೆ, ಮರುಕ್ಷಣ ಗುಳ್ಳೆ ಒಡೆದು ಲೋಹಕ್ಕೆ ಬಡಿಯುತ್ತದೆ. ಪಂಪಿನೊಳಗೆ ಗರಸು ಹಾಕಿ ತಿರುವಿದಂತೆ ಸದ್ದು ಬರುವುದು ಇದರಿಂದ. ಬಿಚ್ಚಿ ನೋಡಿದರೆ ಇಂಪೆಲ್ಲರಿನ ಅಲಗುಗಳ ಬುಡದಲ್ಲಿ ಹುಳು ತಿಂದಂಥ ತೂತುಗಳು. ಈ ಸ್ಥಿತಿಯಲ್ಲಿ ಇನ್ನೂ ಜೋರಾಗಿ ಎಳೆಯುವ ಪಂಪು ಬಂದರೆ ಅದೂ ಬೇಗ ಸವೆಯುತ್ತದೆ. ಆಗ ಬೈಸಿಕೊಳ್ಳುವುದು ಪಂಪಿನ ಕಂಪನಿ.

ಈಜುಕೊಳದಲ್ಲಿ ಇದು ಜೀವದ ಪ್ರಶ್ನೆಯೂ ಹೌದು. ತಳದಲ್ಲಿ ಒಂದೇ ಡ್ರೇನ್ ಇದ್ದು ಅದಕ್ಕೆ ದೊಡ್ಡ ಪಂಪು ನೇರವಾಗಿ ಕೂಡಿಕೊಂಡಿದ್ದರೆ ಮಗುವಿನ ಮೈ ಅದಕ್ಕೆ ಕಚ್ಚಿಕೊಳ್ಳಬಹುದು; ಬಿಡಿಸಿಕೊಳ್ಳುವ ಶಕ್ತಿ ದೊಡ್ಡವರಿಗೂ ಸಾಲದು. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಬಾಲಕಿ ಹೀಗೆಯೇ ತೀರಿಕೊಂಡಳು. 2007ರಲ್ಲಿ ಅವಳ ಹೆಸರಿನಲ್ಲೇ ಕಾಯಿದೆ ಬಂತು. ಡ್ರೇನ್ ಮೇಲೆ ಸುರಕ್ಷಿತ ಮುಚ್ಚಳ ಕಡ್ಡಾಯವಾಯಿತು. ಹಳೆಯ ಕೊಳಕ್ಕೆ ಹೊಸ ಪಂಪು ತರುವವರು ಎರಡು ಡ್ರೇನ್‌ಗಳನ್ನು ದೂರ ದೂರ ಹಾಕಿ ಒಂದೇ ಪೈಪಿಗೆ ಸೇರಿಸುವ ಕೆಲಸವನ್ನು ಅದೇ ಅಂದಾಜಿನಲ್ಲಿ ತೋರಿಸಬೇಕು. ಇದರಲ್ಲಿ ಮುಂದೂಡುವ ಮಾತೇ ಸಲ್ಲದು.

ಕೊಳದ ಲೆಕ್ಕ ಹೊಲಕ್ಕೆ ಹೊಂದುವುದಿಲ್ಲ, ಅಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ, ಪೈಪಿಗೇಕೆ ರೈತ ಹಣ ಹಾಕಬೇಕು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ರೈತನಿಗೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ತಾಸು, ಅದೂ ಸರಿಯಾಗಿ ಬಂದರೆ. ಅವನ ಪಾಲಿಗೆ ತುಟ್ಟಿಯಾದದ್ದು ತಾಸು. ಎರಡು ಇಂಚಿನ ಪೈಪನ್ನು ಎರಡೂವರೆಗೆ ಏರಿಸಿದರೆ ಅದೇ ಹರಿವಿಗೆ ಘರ್ಷಣೆ ಮೂರನೇ ಒಂದಕ್ಕೆ ಇಳಿಯುತ್ತದೆ. ಬಾವಿಯಲ್ಲಿ ನೀರಿದ್ದರೆ ಅದೇ ಏಳು ತಾಸಿನಲ್ಲಿ ಇನ್ನಷ್ಟು ಸಾಲು ನೆನೆಯುತ್ತವೆ. ಹೆಸ್ಕಾಂ ವ್ಯಾಪ್ತಿಯ ನಿಪ್ಪಾಣಿ ಮತ್ತು ಬ್ಯಾಡಗಿಯಲ್ಲಿ ಪ್ರಾಯೋಗಿಕವಾಗಿ 590 ಹಳೆಯ ಪಂಪ್‌ಸೆಟ್ ತೆಗೆದು ಸ್ಟಾರ್ ಗುರುತಿನವನ್ನು ಹಾಕಿಕೊಟ್ಟಾಗ ವಿದ್ಯುತ್ ಗಣನೀಯವಾಗಿ ಉಳಿಯಿತು. ಒಳ್ಳೆಯ ಕೆಲಸ. ಅದರ ಪೂರ್ಣ ಫಲ ಸಿಗಬೇಕಾದರೆ ಫುಟ್‌ವಾಲ್ವ್ ಮತ್ತು ಪೈಪು ಕೂಡ ಯೋಜನೆಯೊಳಗೆ ಬರಬೇಕು.

ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ದೊಡ್ಡ ಮೋಟರೇ ತಡೆದೀತು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಖಾನಾಪುರದ ಕಾಡಂಚಿನ ಲೈನುಗಳ ಕೊನೆಗಿರುವವರಿಗೆ ಆ ಭಯ ಇರುವುದು ಸಹಜ. ಆದರೆ ದೊಡ್ಡ ಮೋಟರು ಅದೇ ತಂತಿಯಿಂದ ಹೆಚ್ಚು ಕರೆಂಟ್ ಎಳೆದು ವೋಲ್ಟೇಜನ್ನು ಇನ್ನೂ ಕೆಡಿಸುತ್ತದೆ. ಪಕ್ಕದ ಹೊಲದವನೂ ಅದೇ ದಾರಿ ಹಿಡಿದಾಗ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಪೈಪು ಅಗೆಯಲು ಹಣ ಬೇಕು, ಕೊಳವನ್ನೋ ನಳವನ್ನೋ ಕೆಲ ದಿನ ನಿಲ್ಲಿಸಬೇಕು ಎಂಬ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅದಕ್ಕೆ ಉತ್ತರ ಬಿಲ್ಲಿನಲ್ಲೇ ಇದೆ. 10 ಎಚ್‌ಪಿ ಪಂಪು ದಿನಕ್ಕೆ 12 ತಾಸು ಓಡಿದರೆ ಸುಮಾರು 100 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 2.9 ಲಕ್ಷ. ಈ ಮೊತ್ತದ ಮುಂದೆ ಪಂಪಿನ ಬೆಲೆ ಸಣ್ಣದು. ಎಲ್ಲ ಪೈಪನ್ನೂ ಕಿತ್ತುಹಾಕಿ ಎಂದೇನೂ ಯಾರೂ ಹೇಳುತ್ತಿಲ್ಲ. ಪಂಪ್‌ಹೌಸಿನ ಗೋಡೆಯೊಳಗಿನ ನಾಲ್ಕು ಎಲ್ಬೊ, ಒಂದು ಗೇಟ್‌ವಾಲ್ವ್, ಪಂಪಿನ ಬಾಯಿಯ ಮುಂದೆ ಒಂದಿಷ್ಟು ನೇರ ಪೈಪು ಇವನ್ನು ಸರಿಪಡಿಸಿದರೂ ಸಾಕಷ್ಟು ಗುಣ ಕಾಣುತ್ತದೆ. ಪಂಪಿನ ಎರಡೂ ಬದಿಗೆ ಯೂನಿಯನ್ ಹಾಕಿಟ್ಟರೆ ಮುಂದಿನ ರಿಪೇರಿಗೆ ಪೈಪು ಕೊಯ್ಯುವ ಪ್ರಮೇಯವೇ ಬಾರದು.

ತೊಡಕಿರುವುದು ಟೆಂಡರಿನಲ್ಲಿ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ತರಲು ರಾಜ್ಯ 1999ರಲ್ಲೇ ಕಾಯಿದೆ ಮಾಡಿತು. ಆದರೆ ಇಷ್ಟು ಎಚ್‌ಪಿಯ ಪಂಪು ಎಂದಷ್ಟೇ ಬರೆದ ಟೆಂಡರಿನಲ್ಲಿ ಅಗ್ಗದ ಪಂಪು ಗೆಲ್ಲುತ್ತದೆ, ಪೈಪಿನ ಹೆಸರೇ ಬರುವುದಿಲ್ಲ. ಎಚ್‌ಪಿ ಬದಲು ತಾಸಿಗೆ ಇಷ್ಟು ಲೀಟರ್, ಸಾವಿರ ಲೀಟರಿಗೆ ಇಷ್ಟೇ ಯೂನಿಟ್ ಎಂದು ಬರೆಯಲಿ. ಪಂಪಿನ ಹಿಂದೆ ಒಂದು, ಮುಂದೆ ಒಂದು ಒತ್ತಡದ ಗೇಜು ಕೂರಲಿ. ಕೆಲಸ ವಹಿಸಿಕೊಳ್ಳುವ ದಿನ ಅವುಗಳ ಮುಳ್ಳು ಎಲ್ಲಿದೆ, ಮೀಟರ್ ಏನು ಹೇಳುತ್ತದೆ ಎಂಬುದು ಪಂಪ್‌ಹೌಸಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರಲಿ. ಬಿಲ್ ಪಾಸಾಗುವುದು ಅದಾದ ಮೇಲೆ.