ಡಿವಿಡಿಗೊಂದು ನಮ್ಮದೇ ಮೆನು

ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಮದುವೆಯ ಹಳೆಯ ಡಿವಿಡಿಗಳಿವೆ. ಗಂಟೆಗಟ್ಟಲೆ ವಿಡಿಯೋ. ಅದರಲ್ಲೆಲ್ಲೋ ಇಂದು ನಮ್ಮೊಂದಿಗಿಲ್ಲದ ಅಜ್ಜ ಅತಿಥಿಗಳ ಕೈಹಿಡಿದು ಊಟಕ್ಕೆ ಕರೆಯುತ್ತಿರುತ್ತಾರೆ. ಆ ಎರಡು ನಿಮಿಷಕ್ಕಾಗಿ ಇಡೀ ಡಿವಿಡಿಯನ್ನು ಓಡಿಸುತ್ತಾ ಕೂರುವ ತಾಳ್ಮೆ ಯಾರಿಗಿದೆ? ಕಣ್ಣು ಮಂಜಾದ ಅಜ್ಜಿ ರಿಮೋಟನ್ನು ನಾಲ್ಕು ಬಾರಿ ಒತ್ತಿ, "ಇರಲಿ ಬಿಡು ಮಗಳೇ" ಎಂದು ಸುಮ್ಮನಾಗುತ್ತಾರೆ.

ಇದಕ್ಕೆ ಪರಿಹಾರ ಒಂದು ಒಳ್ಳೆಯ ಮೆನು. ಡಿವಿಡಿ ಹಾಕಿದೊಡನೆ ಟಿ.ವಿ. ಪರದೆಯಲ್ಲಿ 'ನಿಕಾಹ್', 'ಊಟದ ಹೊತ್ತು', 'ಅಜ್ಜನ ಮಾತು' ಎಂದು ಮೂಡುವ ಪಟ್ಟಿಯೇ ಮೆನು. ಬೇಕಾದ ಹೆಸರನ್ನು ಆರಿಸಿ ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗಬಹುದು. ವಿಡಿಯೋಗಳನ್ನು ಜೋಡಿಸಿ, ಮೆನು ಸಹಿತ ಡಿವಿಡಿ ಸಿದ್ಧಪಡಿಸುವ ಕೆಲಸವನ್ನು ಡಿವಿಡಿ ಆಥರಿಂಗ್ ಎನ್ನುತ್ತಾರೆ. ಕಸೂತಿಯ ವಿನ್ಯಾಸ ಬಿಡಿಸಬಲ್ಲ ಕೈಗಳಿಗೆ ಇದು ಕಷ್ಟದ ವಿದ್ಯೆಯೇನಲ್ಲ.

ಹಿಂದೆ ವಿಂಡೋಸ್ ಜೊತೆಗೇ ಡಿವಿಡಿ ಮೇಕರ್ ಎಂಬ ತಂತ್ರಾಂಶ ಬರುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಅದನ್ನು ಕೈಬಿಡಲಾಯಿತು. ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಸಿದ್ಧ ಮೆನುಗಳೂ ಇವೆ, ನಮ್ಮದೇ ಮೆನು ರಚಿಸಲೂ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಜೋಡಿಸುವ ಡ್ರೈವ್ ಸಾಕು.

ಕಂಪ್ಯೂಟರ್ ತೆರೆಯುವ ಮುನ್ನ ಒಂದು ಕಾಗದ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಮೊದಲ ಪುಟದಲ್ಲಿ ಯಾವ ಹೆಸರುಗಳಿರಬೇಕು, ಯಾವುದನ್ನು ಒತ್ತಿದರೆ ಎಲ್ಲಿಗೆ ಹೋಗಬೇಕು, ಆ ಭಾಗ ಮುಗಿದ ಬಳಿಕ ಏನು ಕಾಣಬೇಕು ಎಂದು ಗೀಟು ಎಳೆದು ಬರೆಯಿರಿ. ಪ್ರತಿ ಭಾಗವೂ ಮುಗಿದೊಡನೆ ಮೆನುವಿಗೆ ಹಿಂದಿರುಗುವಂತಿರಲಿ. ಇಲ್ಲವಾದರೆ ಪರದೆ ಕಪ್ಪಾದಾಗ ಹಿರಿಯರು ಡಿವಿಡಿ ಕೆಟ್ಟಿತೆಂದು ಭಾವಿಸುತ್ತಾರೆ.

ಆಮೇಲೆ ಹಿನ್ನೆಲೆಯ ಚಿತ್ರ. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಚಿತ್ರದ ಅಳತೆ 720×576 ಚುಕ್ಕೆಗಳು. ಹಳೆಯ ಟಿ.ವಿ.ಗಳು ಚಿತ್ರದ ಅಂಚನ್ನು ಕತ್ತರಿಸಿ ತೋರಿಸುತ್ತವೆ. ಆದ್ದರಿಂದ ನಾಲ್ಕೂ ಬದಿಯಲ್ಲಿ ಹತ್ತನೆಯ ಒಂದು ಭಾಗ ಬಿಟ್ಟು ಒಳಗೆ ಬರೆಯಿರಿ. ತೆಳ್ಳಗಿನ ಅಡ್ಡಗೆರೆಗಳು ಅಂತಹ ಪರದೆಯಲ್ಲಿ ಮಿಣುಕುತ್ತವೆ, ಗೆರೆ ದಪ್ಪಗಿರಲಿ. ಹೂಬಳ್ಳಿಗಳಿಂದ ತುಂಬಿದ ಹಿನ್ನೆಲೆ ಕಣ್ಣಿಗೆ ಚಂದ, ಆದರೆ ಅದರ ಮೇಲೆ ಅಕ್ಷರ ಕಾಣದು. ಗಾಢ ಬಣ್ಣದ ಮೇಲೆ ದೊಡ್ಡ ಬಿಳಿ ಅಕ್ಷರಗಳೇ ಉತ್ತಮ. ಕನ್ನಡದ ಒತ್ತಕ್ಷರಗಳು ಒಡೆದು ಕಂಡರೆ, ಕನ್ನಡ ಸರಿಯಾಗಿ ಮೂಡುವ ಬೇರೆ ತಂತ್ರಾಂಶದಲ್ಲಿ ಹೆಸರುಗಳನ್ನು ಬರೆದು, ಅದನ್ನೇ ಚಿತ್ರವಾಗಿ ಉಳಿಸಿ ಹಿನ್ನೆಲೆಗೆ ಹಾಕಿ.

ಇನ್ನು ಬಟನ್‌ಗಳು. ರಿಮೋಟಿನ ಬಾಣವನ್ನು ಒತ್ತಿದಾಗ ಆಯ್ದ ಹೆಸರು ಬಣ್ಣ ಬದಲಿಸುತ್ತದಲ್ಲ, ಅದು ಹಿನ್ನೆಲೆಯ ಮೇಲೆ ಹೊದಿಸಿದ ಪಾರದರ್ಶಕ ಹಾಳೆಯಂತಹ ಇನ್ನೊಂದು ಪದರ. ಆ ಪದರದಲ್ಲಿ ಏಕಕಾಲಕ್ಕೆ ನಾಲ್ಕೇ ಬಣ್ಣಗಳು, ಪಾರದರ್ಶಕ ಭಾಗವೂ ಆ ಲೆಕ್ಕದಲ್ಲೇ. ಹಾಗಾಗಿ ಅಲ್ಲಿ ಸೂಕ್ಷ್ಮ ಚಿತ್ತಾರ ನಡೆಯದು. ಹೆಸರಿನ ಕೆಳಗೊಂದು ದಪ್ಪ ಹಳದಿ ಪಟ್ಟಿ ಧಾರಾಳ ಸಾಕು. ಒಂದು ಮೆನುವಿನಲ್ಲಿ 36 ಬಟನ್‌ಗಳವರೆಗೆ ಇಡಬಹುದು. ಆದರೆ ಐದಕ್ಕಿಂತ ಹೆಚ್ಚು ಬೇಡ, ಉಳಿದುದಕ್ಕೆ ಎರಡನೆಯ ಪುಟ ಮಾಡಿ. ಪ್ರತಿ ಬಟನ್‌ನಿಂದ ಮೇಲೆ, ಕೆಳಗೆ, ಎಡ, ಬಲ ಬಾಣಗಳು ಎಲ್ಲಿಗೆ ಒಯ್ಯುತ್ತವೆ ಎಂಬುದನ್ನೂ ನೋಡಿಕೊಳ್ಳಬೇಕು. ಒಂದೇ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಜೋಡಿಸಿದರೆ ಗೊಂದಲವಿರದು.

ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಜಾಗವಿದೆ, ವಿಂಡೋಸ್ ಕಂಪ್ಯೂಟರ್ ಅದನ್ನು 4.37 ಎಂದು ತೋರಿಸುತ್ತದೆ. ಎರಡು ಗಂಟೆಗಿಂತ ಹೆಚ್ಚು ತುಂಬಿದರೆ ಚಿತ್ರ ಮಸುಕಾಗುತ್ತದೆ. ಸಿದ್ಧವಾದುದನ್ನು ಮೊದಲು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ನೋಡಿ. ಬಳಿಕ ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂನಲ್ಲಿ ಬರೆದು ಟಿ.ವಿ.ಯಲ್ಲಿ ಪರೀಕ್ಷಿಸಿ. ಡಿವಿಡಿಗಳೂ ಕೆಡುತ್ತವೆ, ಮೂಲ ವಿಡಿಯೋದ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ.

ಸಹೋದರಿಯರೇ, ಮರೆಯಬಾರದ ಇನ್ನೊಂದು ಮಾತಿದೆ. ಮದುಮಗಳ ಕೋಣೆ, ಮೆಹಂದಿ, ಹೆಂಗಸರ ಪಂಕ್ತಿ ಇವೆಲ್ಲ ಮನೆಯವರಷ್ಟೇ ನೋಡಲೆಂದು ತೆಗೆಸಿದ ಚಿತ್ರಗಳು. ಮೆನುವಿನಲ್ಲಿ ಆ ಹೆಸರನ್ನು ಹಾಕದೆ ಬಿಟ್ಟರೆ ಅವು ಅಡಗಿದವೆಂದು ತಿಳಿಯಬೇಡಿ. ಮೆನು ಬಾಗಿಲೇ ಹೊರತು ಬೀಗವಲ್ಲ. ಅದೇ ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ ಅದರ ಫೋಲ್ಡರ್ ತೆರೆದರೆ ಎಲ್ಲವೂ ಅಲ್ಲೇ ಇರುತ್ತದೆ. ಹೆಂಗಸರ ಭಾಗಕ್ಕೆ ಬೇರೆಯೇ ಡಿವಿಡಿ ಮಾಡಿ ಅದನ್ನು ನಿಮ್ಮಲ್ಲೇ ಇರಿಸಿಕೊಳ್ಳಿ. ಬಂಧುಗಳಿಗೆ ಹಂಚುವ ಡಿವಿಡಿಯಲ್ಲಿ ಆ ಭಾಗ ಇರುವುದೇ ಬೇಡ.

ಈ ಕೆಲಸವನ್ನು ನಾವೇ ಕಲಿಯಬೇಕೆನ್ನುವುದು ಮುಖ್ಯವಾಗಿ ಇದಕ್ಕಾಗಿಯೇ. ಹಣ ಉಳಿಯುವುದು ಸಣ್ಣ ಲಾಭ. ಮನೆಯ ಹೆಣ್ಣುಮಕ್ಕಳ ಚಿತ್ರ ಯಾರ ಕೈಗೆ ಹೋಗಬೇಕು, ಯಾರ ಕೈಗೆ ಹೋಗಬಾರದು ಎಂಬ ತೀರ್ಮಾನ ನಮ್ಮಲ್ಲೇ ಉಳಿಯುವುದು ದೊಡ್ಡ ಲಾಭ.