ಅಗ್ಗದ ಪಾರ್ಟು, ತುಟ್ಟಿ ಪಾಠ

ಮೊನ್ನೆ ಸೇಡಂಗೆ ಹೋಗಿದ್ದೆ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂತ ಗೆರೆ ಹಿಡಿದು ಓಡುವ ಪುಟ್ಟ ಕಾರು ಮಾಡಿದ್ದ. ಹೋದವನೇ "ಎಲ್ಲೋ ನಿನ್ನ ರೋಬೋಟು?" ಅಂದೆ. ಮುಖ ಸಣ್ಣಗೆ ಮಾಡಿ ಮೂಲೆ ತೋರಿಸಿದ.

"ಮಾಮಾ, ನಿನ್ನಿ ರಾತ್ರಿ ಛಂದ ಓಡ್ಲತ್ತಿತ್ತು. ಇವತ್ತ ಅಲುಗಾಡವಲ್ದು. ನನಗ ಇದೆಲ್ಲ ಬರಂಗಿಲ್ಲ ಬಿಡು."

ಆ ಕೊನೆಯ ಮಾತು ನನಗೆ ಚುಚ್ಚಿತು. ಈ ಬರಹ ಅದರ ಬಗ್ಗೆಯೇ.

ಮಲ್ಟಿಮೀಟರ್ ಹಚ್ಚಿ ನೋಡಿದೆ. ಚೌಕದ 9 ವೋಲ್ಟ್ ಬ್ಯಾಟರಿ ಸುಮ್ಮನೆ ಇದ್ದಾಗ 8ರ ಮೇಲೆ ತೋರಿಸಿತು. ಮೋಟಾರು ಜೋಡಿಸಿದ ಕೂಡಲೇ 4ಕ್ಕಿಂತ ಕೆಳಗೆ! ಹುಡುಗನ ವೈರಿಂಗ್ ಸರಿ ಇತ್ತು, ಕೋಡ್ ಸರಿ ಇತ್ತು. ತಪ್ಪು ಬ್ಯಾಟರಿಯದು. ಆ ಬ್ಯಾಟರಿಯೊಳಗೆ ಒಂದೂವರೆ ವೋಲ್ಟಿನ ಆರು ಪುಟಾಣಿ ಸೆಲ್ಲುಗಳಿರುತ್ತವೆ. ಮಲ್ಟಿಮೀಟರಿನಂಥ ಮೆಲ್ಲಗೆ ಕುಡಿಯುವ ಸಾಮಾನಿಗೆ ಅದು ಸಾಕು, ಎರಡು ಮೋಟಾರು ಎಳೆಯುವುದು ಅದರ ಕೆಲಸವೇ ಅಲ್ಲ. ಆದರೂ ಅಗ್ಗದ ಕಿಟ್ಟುಗಳ ಜೊತೆ ಅದನ್ನೇ ಕೊಡುತ್ತಾರೆ.

ನನ್ನ ವಾದ ಇಷ್ಟೇ. ಕಡಿಮೆ ರೊಕ್ಕದ ಪಾರ್ಟು ಬೇರೆ, ಅಗ್ಗದ ಪಾರ್ಟು ಬೇರೆ. ಬೆಂಗಳೂರಿನ ಹುಡುಗನಿಗೆ ಏನಾದರೂ ಸುಟ್ಟರೆ ಸಂಜೆಗೆ ಎಸ್.ಪಿ. ರೋಡಿಗೆ ಹೋಗಿ ಬರುತ್ತಾನೆ. ಸೇಡಂ, ಚಿತ್ತಾಪುರ, ವಾಡಿಯ ಹುಡುಗ ಏನು ಮಾಡಬೇಕು? ಕಲಬುರಗಿಗೆ ಹೋಗಬೇಕು, ಇಲ್ಲವೇ ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಕಾಣಬೇಕು. ಚಿಂಚೋಳಿಗೆ ರೈಲೇ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಸಾಮಾನಿಗಿಂತ ಕಳಿಸುವ ಖರ್ಚೇ ಜಾಸ್ತಿ, ಮೇಲೆ ವಾರಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಕಡೆ ಅಗ್ಗ ಅಂದರೆ ಎರಡನೇ ಸಲ ತರಿಸಬೇಕಾಗದ ಪಾರ್ಟು. ಅದರ ಮೇಲೆ ಬರೆದ ಬೆಲೆ ಆಮೇಲಿನ ಮಾತು.

ಹಾಗಾದರೆ ಎಲ್ಲಿ ಉಳಿಸಬೇಕು, ಎಲ್ಲಿ ಕೈ ಬಿಚ್ಚಬೇಕು?

ಬೋರ್ಡಿನಲ್ಲಿ ಧಾರಾಳವಾಗಿ ಉಳಿಸಿ. ಆರ್ಡುಯಿನೋ ಊನೋದ ವಿನ್ಯಾಸವೇ ಎಲ್ಲರಿಗೂ ಮುಕ್ತವಾಗಿರುವುದರಿಂದ ಬೇರೆಯವರು ಮಾಡಿದ ಬೋರ್ಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಯುಎಸ್‌ಬಿಗೆ ಸಾಮಾನ್ಯವಾಗಿ ಸಿಎಚ್340 ಚಿಪ್ ಇರುತ್ತದೆ, ಕಂಪ್ಯೂಟರಿಗೆ ಅದರ ಡ್ರೈವರ್ ಹಾಕಿಕೊಂಡರೆ ಆಯಿತು. ಹಳದಿ ಪ್ಲಾಸ್ಟಿಕ್ಕಿನ ಗೇರ್ ಮೋಟಾರು ಕಲಿಯುವವರಿಗೆ ಸಾಕು. ಆದರೆ ಅದರ ಗೇರ್ ಡಬ್ಬಿ ಧೂಳು ತಡೆಯುವುದಿಲ್ಲ. ವಾಡಿ, ಶಹಾಬಾದಿನ ಸಿಮೆಂಟು, ಕಲ್ಲಿನ ಧೂಳಿನಲ್ಲಿ ಆಡಿಸುವವರು ಸಂಧಿಗೆ ಟೇಪು ಸುತ್ತಿ, ಎರಡು ಬೇಕಿದ್ದರೆ ಮೂರು ತರಿಸಿ.

ಮೋಟಾರ್ ಡ್ರೈವರ್ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಿ. ಎಲ್ಲ ಕಿಟ್ಟಿನಲ್ಲೂ ಬರುವ ಎಲ್298ಎನ್ ಗಟ್ಟಿ, ಆದರೆ ಹಳೆಯ ಕಾಲದ್ದು. 1 ಆಂಪಿಯರ್ ಹರಿದಾಗ ಸುಮಾರು 2 ವೋಲ್ಟ್ ಅದೇ ನುಂಗುತ್ತದೆ, ನುಂಗಿದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಚಾರ್ಜ್ ಮಾಡುವ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಒಟ್ಟು 4.8 ವೋಲ್ಟ್, ಮೋಟಾರಿಗೆ ಉಳಿಯುವುದು 3ಕ್ಕೂ ಕಡಿಮೆ. ನಮ್ಮ ಏಪ್ರಿಲ್-ಮೇ ಬಿಸಿಲು ಬೇರೆ! ಟಿಬಿ6612 ಅಂತ ಇನ್ನೊಂದು ಚಿಪ್ ಇದೆ, ಅಷ್ಟೇ ಕರೆಂಟಿಗೆ ಅರ್ಧ ವೋಲ್ಟಿನಷ್ಟು ಮಾತ್ರ ತಿನ್ನುತ್ತದೆ. ಸಣ್ಣ ಕಾರಿಗೆ ಅದು ವಾಸಿ. ಸ್ವಲ್ಪ ಹೆಚ್ಚು ಕೊಟ್ಟರೂ ಆ ರೊಕ್ಕ ಬ್ಯಾಟರಿಯಲ್ಲಿ ವಾಪಸ್ ಬರುತ್ತದೆ.

ಬ್ಯಾಟರಿಯಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ನಾನೇ ಮೋಸ ಹೋಗಿದ್ದೇನೆ. 18650 ಲಿಥಿಯಂ ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದಿತ್ತು, ಖುಷಿಯಿಂದ ತರಿಸಿದೆ. ಹೆಸರಾಂತ ಕಂಪನಿಗಳ ಒಳ್ಳೆಯ ಸೆಲ್ಲೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಸಲಿ ಸೆಲ್ ಸಾಮಾನ್ಯವಾಗಿ 45 ಗ್ರಾಂ ಆಸುಪಾಸು ತೂಗುತ್ತದೆ. ನನ್ನದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ತೀರಾ ಹಗುರ. ಅಂಗಡಿಯವರು "ಏನ್ರೀ, ಬ್ಯಾಟ್ರಿನೂ ತೂಕದ ಮ್ಯಾಲ ಮಾರ್ತೀರಿ?" ಅಂತ ನಕ್ಕರು :-) ಹಾಗಂತ ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ. ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ಅದಕ್ಕೇ ಮಕ್ಕಳ ಕೈಗೆ ಮೊದಲು ಪೆನ್ಸಿಲ್ ಸೆಲ್ ಕೊಡಿ.

ಇನ್ನು ಮೊದಲು ಕೊಳ್ಳಬೇಕಾದದ್ದು ರೋಬೋಟಿನ ಪಾರ್ಟೇ ಅಲ್ಲ, ಮಲ್ಟಿಮೀಟರ್. ಕೆಲವು ನೂರು ರೂಪಾಯಿಯ ಸಾದಾ ಮೀಟರ್ ಸಾಕು. ಅದಿಲ್ಲದೆ ಕೆಲಸ ಮಾಡಿದರೆ ಕತ್ತಲಲ್ಲಿ ಸೂಜಿ ಹುಡುಕಿದಂತೆ. ಪಾರ್ಟು ಕೆಟ್ಟಿದೆಯೋ ತಾನು ತಪ್ಪಿದ್ದೋ ಅನ್ನುವುದೇ ಹುಡುಗನಿಗೆ ತಿಳಿಯುವುದಿಲ್ಲ.

ಪುಕ್ಕಟೆ ಸಿಗುವ ಖಜಾನೆಯೂ ಉಂಟು. ನಿಮ್ಮೂರಿನ ಟಿವಿ, ಮೊಬೈಲ್ ರಿಪೇರಿ ಅಂಗಡಿ! ಬಿಸಿ547 ಟ್ರಾನ್ಸಿಸ್ಟರ್, 1ಎನ್4007 ಡಯೋಡ್, 7805 ರೆಗ್ಯುಲೇಟರ್ ಅಲ್ಲಿ ಹೆಚ್ಚಾಗಿ ಸಿಗುತ್ತವೆ. ಕೆಟ್ಟ ಡಿವಿಡಿ ಪ್ಲೇಯರಿನಲ್ಲಿ ಸಣ್ಣ ಮೋಟಾರುಗಳು, ಹಳೆಯ ಪ್ರಿಂಟರಿನಲ್ಲಿ ಮೋಟಾರು, ಗೇರು, ಉಕ್ಕಿನ ಸರಳು ಇರುತ್ತವೆ. ಡಿವಿಡಿಯ ಲೇಸರಿಗೆ ಕಣ್ಣಿಡಬೇಡಿ. ನೇರ ಮೇನ್ಸಿಗೆ ಹಚ್ಚುವ ಸಾಮಾನು, ಅದರಲ್ಲೂ ಹಳೆಯ ಟಿವಿ, ಮಕ್ಕಳು ತಾವೇ ಬಿಚ್ಚುವುದು ಬೇಡ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ. ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ, ಪಕ್ಕದಲ್ಲಿ ಕೂತು ನೋಡಿ. ನಾನು ಬೆಸುಗೆ ಕಲಿತದ್ದು ಹಾಗೆಯೇ.

"ಒಂದು ದಿನದ ಪ್ರದರ್ಶನಕ್ಕೆ ಇಷ್ಟೆಲ್ಲ ಯಾಕೆ? ರೆಡಿಮೇಡ್ ಪ್ರಾಜೆಕ್ಟ್ ತಂದು ಇಟ್ಟರಾಯಿತು" ಅನ್ನುವವರಿದ್ದಾರೆ. ಮನೆಯ ಪರಿಸ್ಥಿತಿ ನೋಡಿದರೆ ಅದೂ ತಪ್ಪಲ್ಲ ಅನಿಸುತ್ತದೆ. ಆದರೆ ರೆಡಿಮೇಡ್ ಕಾರು ಕೆಟ್ಟರೆ ಅಲ್ಲಿಗೇ ಮುಗಿಯಿತು. ಮೇಲಾಗಿ ನಮ್ಮ ಮನೆಯ ನೆಲ ಅದಕ್ಕೇನು ಗೊತ್ತು? ಅಕ್ಕನ ಮನೆಯಲ್ಲಿ ಶಹಾಬಾದಿ ಪರಸಿ. ಅದು ಬಿಳಿ ಹಾಳೆಯಷ್ಟು ಬೆಳಕು ಹಿಂದೆ ಕಳಿಸುವುದಿಲ್ಲ. ಕಲ್ಲು ಕಲ್ಲಿನ ನಡುವಿನ ಸಂಧಿಯನ್ನೇ ಸೆನ್ಸರು ಕಪ್ಪು ಗೆರೆ ಅಂದುಕೊಂಡು ಕಾರು ಗೋಡೆಗೆ ಹೋಯಿತು! ಸೆನ್ಸರಿನ ತಿರುಪು ತಿರುವಿ ಸರಿ ಮಾಡಿದ್ದು ಹುಡುಗನೇ. ಹಾಗೆ ಕಲಿತದ್ದು ಕಿಟ್ಟಿನ ಡಬ್ಬಿಯಲ್ಲಿ ಬರುವುದಿಲ್ಲ.

ಅಂದ ಹಾಗೆ, ಕಾರು ಓಡಿದ್ದು ಹೇಗೆ ಅಂತೀರಾ? ಎರಡು ಮುರಿದ ಆಟಿಕೆಗಳಿಂದ ಮೂರು ಮೂರು ಸೆಲ್ಲಿನ ಡಬ್ಬಿ ಕಿತ್ತು, ಒಂದರ ಹಿಂದೆ ಒಂದು ಜೋಡಿಸಿ, ಆರು ಆಲ್ಕಲೈನ್ ಪೆನ್ಸಿಲ್ ಸೆಲ್ ಹಾಕಿದೆವು. ಲೆಕ್ಕಕ್ಕೆ ಅದೂ 9 ವೋಲ್ಟೇ! ಆದರೆ ಲೋಟದಲ್ಲಿದ್ದ ನೀರಿಗೂ ಕೊಡದಲ್ಲಿದ್ದ ನೀರಿಗೂ ಇರುವ ವ್ಯತ್ಯಾಸ. ವೇಗ ಹೆಚ್ಚಾಯಿತು ಅಂತ ಕೋಡಿನಲ್ಲಿ ಸ್ವಲ್ಪ ಇಳಿಸಬೇಕಾಯಿತು.

ಹುಡುಗ ಅರ್ಧ ಗಂಟೆ ಕಾರಿನ ಹಿಂದೆಯೇ ಓಡಾಡಿದ. ಆಮೇಲೆ ಬಂದು, "ಮಾಮಾ, ಅಂದ್ರ ನಂದು ತಪ್ಪಿರಲಿಲ್ಲ ಅಲಾ?" ಅಂದ.

ಇರಲಿಲ್ಲ ಕಣಪ್ಪಾ. ನಮ್ಮೂರುಗಳಲ್ಲಿ ಎಷ್ಟು ಮಕ್ಕಳು ಇಂಥ ಒಂದು ಕೆಟ್ಟ ಬ್ಯಾಟರಿಯ ಮಾತು ನಂಬಿ "ನನಗ ಬರಂಗಿಲ್ಲ" ಅಂತ ಕೈಬಿಟ್ಟಿದ್ದಾರೋ. ಕೊಳ್ಳುವ ದೊಡ್ಡವರು ನಾವು ತುಸು ನೋಡಿ ಕೊಳ್ಳೋಣ.